ಬರ್ಕಾ ಕೋಟೆಗೆ ತುರ್ಕಿ ಎಂಜಿನಿಯರ್

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಸ್ಕತ್ತಿನ ಹತ್ತಿರ ರುಸೈಲ್‌ನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಹೊಸ ಪ್ಯಾಕಿಂಗ್ ಯಂತ್ರ ಕೂರಿಸಲು ತುರ್ಕಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಐವತ್ತು ದಾಟಿದವರು, ದಪ್ಪ ಮೀಸೆ, ಮಾತು ಕಡಿಮೆ. ನಟ್ಟು ಬೋಲ್ಟು ಕೇಳಿಕೊಂಡು ದಿನಕ್ಕೆ ಹತ್ತು ಸಲ ನನ್ನ ಕೌಂಟರಿಗೆ ಬರುತ್ತಿದ್ದರು. ಅವರ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಅಷ್ಟೇನೂ ಹೊಂದುತ್ತಿರಲಿಲ್ಲ. ಅವರು ಬೆರಳಲ್ಲಿ ಅಳತೆ ತೋರಿಸಿದರೆ ನಾನು ಸಾಮಾನು ತೆಗೆದುಕೊಡುತ್ತಿದ್ದೆ.

ಒಂದು ಬುಧವಾರ ಅವರು ನಟ್ಟು ಕೇಳಲಿಲ್ಲ. ಇಲ್ಲೆಲ್ಲಾದರೂ ಒಟ್ಟೊಮನ್ ಕೋಟೆ ಇದೆಯೇ ಎಂದು ವಿಚಾರಿಸಿದರು. ನನ್ನ ಕಿವಿಗೆ ಬಿದ್ದದ್ದು ಒಮಾನ್ ಕೋಟೆ. ಒಮಾನಿನಲ್ಲೇ ನಿಂತುಕೊಂಡು ಇಂಥ ಪ್ರಶ್ನೆ ಕೇಳುವವರಿಗೆ ಏನು ಹೇಳುವುದು? ಬೇಕಾದಷ್ಟಿವೆ, ಬರ್ಕಾದಲ್ಲಿ ಸಮುದ್ರದ ಪಕ್ಕದಲ್ಲೇ ಒಂದಿದೆ, ಶುಕ್ರವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರ ಮುಖ ಅರಳಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ಮ್ಯಾನೇಜರು ಕೋಟೆಯ ಪರವಾನಗಿ ಚೀಟಿ ತರಿಸಿಕೊಟ್ಟು, ಕಂಪನಿಯ ಪಿಕಪ್ಪನ್ನೂ ಕೊಟ್ಟರು. ನನ್ನ ಹೆಂಡತಿ ಶುಕ್ರವಾರ ಬೆಳಿಗ್ಗೆ ಐದಕ್ಕೇ ಎದ್ದು ನೀರುದೋಸೆ ಹೊಯ್ದಳು, ಕೋಳಿ ಸುಕ್ಕ ಮಾಡಿದಳು, ಎಲ್ಲವನ್ನೂ ಟಿಫಿನ್ ಕ್ಯಾರಿಯರಿಗೆ ತುಂಬಿಸಿ ಕೈಗೆ ಕೊಟ್ಟಳು.

ದಾರಿಯಲ್ಲಿ ಸೀಬ್ ಪಟ್ಟಣ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಎಂಜಿನಿಯರ್ ಮಾತಿಗಿಳಿದರು. ಹಿಂದೆ ಸುಲ್ತಾನನ ಹಡಗುಗಳು ಈ ಸಮುದ್ರಕ್ಕೆ ಬಂದಿದ್ದವೆಂದು ಅವರು ಶಾಲೆಯಲ್ಲಿ ಓದಿದ್ದರಂತೆ. ಸುಲ್ತಾನ ಎಂದರೆ ಮಸ್ಕತ್ತಿನವರೆಂದುಕೊಂಡು ನಾನು ತಲೆಯಾಡಿಸುತ್ತಲೇ ಇದ್ದೆ. ಇಸ್ತಾಂಬುಲ್ ಎಂಬ ಹೆಸರು ಬಂದಾಗ ಮಾತ್ರ ತಲೆಯಾಡಿಸುವುದು ನಿಂತಿತು. ಇವರು ಹುಡುಕುತ್ತಿರುವುದು ಒಮಾನಿನವರ ಕೋಟೆಯನ್ನಲ್ಲ, ತಮ್ಮವರ ಕೋಟೆಯನ್ನು! ಗಾಡಿ ತಿರುಗಿಸಿ ನಿಜ ಹೇಳಿಬಿಡಬಹುದಿತ್ತು. ಆದರೆ ಅವರು ಹೊಸ ಅಂಗಿ ಹಾಕಿದ್ದರು, ಕ್ಯಾಮೆರಾಕ್ಕೆ ಹೊಸ ರೀಲು ತುಂಬಿಸಿಕೊಂಡಿದ್ದರು. ನನ್ನಿಂದಾಗಲಿಲ್ಲ.

ಕೋಟೆಯ ಬಾಗಿಲಲ್ಲಿ ಸೊಂಟಕ್ಕೆ ಖಂಜರ್ ಬಾಕು ಕಟ್ಟಿಕೊಂಡ ಮುದುಕ ಕಾವಲುಗಾರ ಕೂತಿದ್ದ. ಪ್ರಾಯದಲ್ಲಿ ಮಂಜಿ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬಂದವನಾದ್ದರಿಂದ ಅವನಿಗೆ ಹಿಂದಿ ಬರುತ್ತಿತ್ತು. ಎಂಜಿನಿಯರ್ ಗೋಪುರದ ಫೋಟೋ ತೆಗೆಯುತ್ತಿದ್ದಾಗ ನಾನು ಅವನನ್ನು ಬದಿಗೆ ಕರೆದು, ಇದನ್ನು ತುರ್ಕಿಯವರು ಕಟ್ಟಿಸಿದ್ದು ಎಂದು ಒಂದು ಮಾತು ಹೇಳಿಬಿಡು ಎಂದು ಬೇಡಿಕೊಂಡೆ.

"ರಫೀಕ್, ಇದು ನಮ್ಮವರು ಕಟ್ಟಿದ ಕೋಟೆ," ಎಂದ ಅವನು. ಅಲ್ಲಿ ಗೆಳೆಯನಿಗೂ ಗುರುತಿಲ್ಲದವನಿಗೂ ರಫೀಕ್ ಎಂದೇ ಕರೆಯುವುದು. "ಸುಳ್ಳು ಹೇಳಲಿಕ್ಕೆ ನನಗೆ ಸರ್ಕಾರ ಸಂಬಳ ಕೊಡುವುದಿಲ್ಲ."

ಇನ್ನು ಉಳಿದದ್ದು ಒಂದೇ ದಾರಿ. ಅವನ ಹಿಂದಿಯನ್ನು ಇಂಗ್ಲಿಷಿಗೆ ತರುವವನು ನಾನು ತಾನೇ? ಬೇಕಾದ ಹಾಗೆ ತಂದರಾಯಿತು.

ಮೇಲಿನ ಕೋಣೆಯಲ್ಲಿ ಮುದುಕ ಹುರುಪಿನಿಂದ ಹಳೆಯ ಕಥೆ ಶುರುಮಾಡಿದ. ಅಜಮಿಗಳು, ಎಂದರೆ ಪರ್ಶಿಯಾದವರು, ಈ ಕರಾವಳಿಯಲ್ಲಿ ಬೀಡುಬಿಟ್ಟಿದ್ದಾಗ ಇಲ್ಲಿನ ದೊರೆ ಅವರನ್ನೆಲ್ಲ ಕೋಟೆಗೆ ದಾವತ್‌ಗೆ ಕರೆದನಂತೆ. ಹೊಟ್ಟೆ ತುಂಬ ಊಟ ಹಾಕಿದನಂತೆ. ಆಮೇಲೆ ಎಲ್ಲರನ್ನೂ ಮುಗಿಸಿಬಿಟ್ಟನಂತೆ. "ಖಲಾಸ್," ಎಂದು ಮುದುಕ ಎರಡು ಕೈಯನ್ನೂ ಒರೆಸಿಕೊಂಡ. ನಾನು ಎಂಜಿನಿಯರ್ ಕಡೆ ತಿರುಗಿ, ಹಿಂದೆ ಇಲ್ಲಿ ಒಂದು ದೊಡ್ಡ ಔತಣ ನಡೆದಿತ್ತು, ದೂರದ ದೇಶದವರೆಲ್ಲ ಬಂದಿದ್ದರು, ಊಟ ಮುಗಿಸಿ ವಿಶ್ರಾಂತಿ ಪಡೆದರು ಎಂದೆ. ಅವರು ಮೀಸೆ ತಿರುವಿಕೊಂಡರು.

ಕೆಳಗಿಳಿದ ಮೇಲೆ ಮುದುಕ ತನ್ನ ಕೋಣೆಯಲ್ಲಿ ಕೂರಿಸಿ, ಖರ್ಜೂರ ಇಟ್ಟು, ಪುಟ್ಟ ಬಟ್ಟಲುಗಳಿಗೆ ಕಾಫಿ ಸುರಿದ. ಎಂಜಿನಿಯರ್ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡಿದರು.

"ಮೊದಲು ನೀವು ಕುಡಿಯಿರಿ," ಎಂದರು.

ಕುಡಿದೆ. ನನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ತಾವೂ ಕುಡಿದು, ಹೊಟ್ಟೆ ಕುಲುಕುವಂತೆ ನಗತೊಡಗಿದರು. ದಾವತ್, ಅಜಮ್ ಇವೆಲ್ಲ ಅವರ ಭಾಷೆಯಲ್ಲೂ ಇರುವ ಮಾತುಗಳಂತೆ. ಮುದುಕನ ಕೈಸನ್ನೆ ಉಳಿದದ್ದನ್ನು ತಿಳಿಸಿತ್ತು. "ನಿಮ್ಮ ಅನುವಾದ ಚೆನ್ನಾಗಿತ್ತು. ಸತ್ತವರನ್ನೆಲ್ಲ ಬದುಕಿಸಿಬಿಟ್ಟಿರಿ."

ನಾನು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಗೋಡೆ ನೋಡಿದ ಕೂಡಲೇ ಇದು ತಮ್ಮವರದಲ್ಲ ಎಂದು ಅವರಿಗೆ ಗೊತ್ತಾಗಿತ್ತಂತೆ. ಟಿಫಿನ್ ಕ್ಯಾರಿಯರ್ ನೋಡಿ ಸುಮ್ಮನಾದರಂತೆ. ಯಾರೋ ಬೆಳಿಗ್ಗೆ ಬೇಗ ಎದ್ದು ಅಡುಗೆ ಮಾಡಿರುವಾಗ ಕೋಟೆ ಯಾರದಾದರೇನು ಎಂದರು.

ಹೊರಗೆ ಬಾಗಿಲ ಹತ್ತಿರ ಒಂದು ತುಕ್ಕು ಹಿಡಿದ ಫಿರಂಗಿ ಇತ್ತು. ಅವರು ಅದರ ಬೆನ್ನು ತಟ್ಟಿ "ಟೋಪ್" ಎಂದರು. ನಮ್ಮಲ್ಲೂ ಅದು ತೋಪೇ ಎಂದೆ. ಅವರು ನಂಬಲಿಲ್ಲ. ಮೂರು ಸಲ ನನ್ನ ಬಾಯಿಂದ ಹೇಳಿಸಿದರು. ಅದು ಅಪ್ಪಟ ತುರ್ಕಿ ಮಾತೆಂದೂ, ಸಿಪಾಯಿಗಳ ಜೊತೆಯಲ್ಲಿ ಊರೂರು ತಿರುಗಿ ನಮ್ಮವರೆಗೆ ಬಂದಿರಬೇಕೆಂದೂ ವಿವರಿಸಿದರು. ಹುಡುಕಿ ಬಂದದ್ದು ಕೋಟೆಯಲ್ಲಿ ಸಿಗದಿದ್ದರೂ ಸ್ಟೋರ್ ಕೀಪರನ ಬಾಯಲ್ಲಿ ಸಿಕ್ಕಿತು ಎಂದು ಅವರಿಗೆ ಎಲ್ಲಿಲ್ಲದ ಸಂತೋಷ. ಮುದುಕನಿಗೆ ಮಾತ್ರ ನಮ್ಮಿಬ್ಬರ ಮಾತೂ ಹಿಡಿಸಲಿಲ್ಲ. ಅರಬಿಯಲ್ಲಿ ಅದು ಮದ್ಫಾ ಎಂದು ತಿದ್ದಿದ.

ಜುಮ್ಮಾ ನಮಾಜಿನ ಹೊತ್ತಾಯಿತು. ಇಬ್ಬರೂ ಮಸೀದಿಗೆ ಹೊರಟರು. ಕ್ರೈಸ್ತನಾದ ನಾನು ಉಳಿದೆ. ಮುದುಕ ಕೋಟೆಗೆ ಬೀಗ ಹಾಕಿ, ಮೊಳದುದ್ದದ ಬೀಗದ ಕೈಯನ್ನು ನನಗೆ ಒಪ್ಪಿಸಿ ಹೋದ. ಜೀವಮಾನದಲ್ಲಿ ಮೊದಲ ಬಾರಿ ಒಂದು ಕೋಟೆ ನನ್ನ ವಶದಲ್ಲಿತ್ತು. ಬೆನ್ನು ತನ್ನಷ್ಟಕ್ಕೇ ನೆಟ್ಟಗಾಯಿತು.

ಅಷ್ಟರಲ್ಲಿ ಒಂದು ಕುಟುಂಬ ಕಾರಿನಲ್ಲಿ ಬಂದಿಳಿಯಿತು; ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು, ನಿಜ್ವಾದಿಂದ ದೂರ ಪ್ರಯಾಣವೆಂದು ಆ ದಿನ ಜುಮ್ಮಾ ಬಿಟ್ಟವರು ಎಂದು ಆಮೇಲೆ ತಿಳಿಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬಾಗಿಲು ತೆಗೆಯಲು ಹೇಳಿದರು. ಪರವಾನಗಿ ಚೀಟಿ ಇದೆಯೇ ಎಂದು ನಾನು ಹಿಂದಿಯಲ್ಲಿ ಕೇಳಿದೆ. ಆತ ನನ್ನ ಮುಖವನ್ನೇ ದಿಟ್ಟಿಸಿದರು.

"ನೀವು ಊರಲ್ಲಿ ಎಲ್ಲಿ?"

"ಉಡುಪಿ ಹತ್ತಿರ."

"ನಾವು ಬಂಟ್ವಾಳ. ಮತ್ತೆ ಎಂಥ ಚೀಟಿ ಮಾರಾಯ್ರೆ? ಬಾಗಿಲು ತೆಗೀರಿ."

"ಹಾಗೆಲ್ಲ ತೆಗಿಲಿಕ್ಕೆ ಆಗುದಿಲ್ಲ," ಎಂದೆ. ಊರಿನವರೆಂದು ಒಬ್ಬರನ್ನು ಬಿಟ್ಟರೆ ನಾಳೆ ಎಲ್ಲರನ್ನೂ ಬಿಡಬೇಕಾಗುತ್ತದೆ ಎಂದೂ ಸೇರಿಸಿದೆ. ನಾಳೆ ನಾನು ಅಲ್ಲಿರುವುದಿಲ್ಲವೆಂಬುದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಪಾಪ, ಅವರು ಗೋಡೆಯ ನೆರಳಲ್ಲಿ ಕೂತು ಕಾದರು. ಮುದುಕ ಹಿಂದಿರುಗಿದವನೇ ಚೀಟಿ ಗೀಟಿ ಏನೂ ಕೇಳದೆ, ಮಕ್ಕಳ ತಲೆ ಸವರಿ ಬಾಗಿಲು ತೆರೆದ. ನಾನು ಸಮುದ್ರದ ಕಡೆ ನೋಡುತ್ತಾ ನಿಂತೆ.

ಊಟಕ್ಕೆ ಅವರನ್ನೂ ಕರೆದು ಪಾಪ ಕಳೆದುಕೊಂಡೆ. ಹೆಂಡತಿ ಎಂಟು ಜನಕ್ಕಾಗುವಷ್ಟು ಕಟ್ಟಿಕೊಟ್ಟಿದ್ದಳು. ಸುಕ್ಕದ ಖಾರಕ್ಕೆ ಎಂಜಿನಿಯರ್ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ದೋಸೆಗೆ ಕೈ ಚಾಚುವುದು ನಿಲ್ಲಲಿಲ್ಲ.

ಶನಿವಾರ ಅವರು ಮ್ಯಾನೇಜರ ಮುಂದೆ ನನ್ನನ್ನು ಬಾಯ್ತುಂಬ ಹೊಗಳಿದರು. ಅದರ ಫಲವನ್ನು ನಾನು ತೊಂಬತ್ತರ ದಶಕದ ಅರ್ಧದವರೆಗೂ ಉಂಡೆ. ಕಾರ್ಖಾನೆಗೆ ಯಾವ ದೇಶದವರು ಬಂದರೂ ಶುಕ್ರವಾರ ಕೋಟೆ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಂಡತಿ ನಾಲ್ಕೈದು ವಾರ ತಡೆದುಕೊಂಡಳು. ಆಮೇಲೆ, "ಇನ್ನು ಬರುವವರಿಗೆ ಬ್ರೆಡ್ಡು ಜಾಮು ಸಾಕು, ನೀವೇ ಹಚ್ಚಿಕೊಂಡು ಹೋಗಿ," ಎಂದಳು. ಹಾಗೆಯೇ ಹಚ್ಚಿಕೊಂಡು ಹೋಗುತ್ತಿದ್ದೆ. ಒಮ್ಮೆ ಬಂದ ಇಟಲಿಯವರೊಬ್ಬರು ತಮ್ಮೂರಲ್ಲಿ ಕೋಟೆ ನೋಡಿ ಸಾಕಾಗಿದೆ, ಇಡೀ ದಿನ ನಿದ್ದೆ ಮಾಡುತ್ತೇನೆ ಎಂದುಬಿಟ್ಟರು. ಆ ಶುಕ್ರವಾರ ಮನೆಯಲ್ಲಿ ಕೂತು ಏನು ಮಾಡಬೇಕೆಂದೇ ನನಗೆ ತೋಚಲಿಲ್ಲ.