ನೆಟ್ ಇಲ್ಲದ ಕಡೆ ತೌನೊನ ಟೂಲ್

ತೌನೊ ರಿಂತಾಲ ಕೂತಲ್ಲಿ ಕೂರುವ ಮನುಷ್ಯನಲ್ಲ. ಥಂಡರ್ ಬೇ ಬಂದರಿನ ಧಾನ್ಯದ ಗೋದಾಮಿನಲ್ಲಿ ಕಂಪ್ಯೂಟರ್ ಕೆಲಸ. ಮನೆಗೆ ಬಂದರೆ ಬೂಟು ಬಿಚ್ಚುವ ಮೊದಲೇ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಅದರಲ್ಲಿ ಅವನೇ ಕಟ್ಟಿದ ಒಂದು ಟೂಲ್ ಇತ್ತು. ಪ್ರೋಗ್ರಾಮ್ ಬರೆಯುವವರು ಯಾವುದಾದರೂ ಆಜ್ಞೆ ಮರೆತರೆ ಕಪ್ಪು ಪರದೆಯಲ್ಲಿ ಅದರ ಹೆಸರು ಹೊಡೆಯಬೇಕು. ಬಳಸುವ ಬಗೆ ಅಲ್ಲೇ ಬರುತ್ತದೆ. ನೆಟ್ ಬೇಕಿಲ್ಲ. ಹಾಗಂತ ಟೂಲಿನ ವಿವರಣೆಯಲ್ಲಿ ಅವನೇ ಬರೆದು ಹಾಕಿದ್ದ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದುಪಡಿ ಕಳಿಸಬಹುದು. ಅದನ್ನು ಒಳಗೆ ಸೇರಿಸುವ ಅಧಿಕಾರ ಮಾತ್ರ ತೌನೊ ಒಬ್ಬನದು.

ಹೆಂಡತಿ ಐಲಿ ಶಾಲೆಯ ಅಡುಗೆಮನೆಯವಳು. ಅವಳಿಗೆ ಟೂಲ್ ತಿಳಿಯದು, ಅವನ ಬೆರಳು ತಿಳಿದಿತ್ತು. ಅದು ಊಟದ ಮೇಜನ್ನೂ ಕೀಲಿಮಣೆಯಂತೆ ಬಡಿಯುತ್ತಿತ್ತು.

ಆ ಬೇಸಿಗೆಯಲ್ಲಿ ಡಾಕ್ಟರು ಅವನ ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು.

“ನಾನು ಏಳದಿದ್ರೆ ಟೂಲಿನ ಗತಿ ಏನು?” ಎಂದ ತೌನೊ.

“ನನ್ನ ಗತಿ ಕೇಳಲ್ವಲ್ಲೋ!”

“ನೀನು ಗಟ್ಟಿಗಿತ್ತಿ ಕಣೇ. ಅದು ಹಾಗಲ್ಲ.”

“ಹಾಗಾದ್ರೆ ಯಾರ ಕೈಗಾದ್ರೂ ಕೊಡು.”

“ಯಾರಿಗೆ? ಕೆಡಿಸಿಡ್ತಾರೆ.”

ಜೋಸಿ ನಕೋಗೀ ಎಂಬವಳೊಬ್ಬಳು ದೂರದ ಉತ್ತರದ ಊರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಚಳಿಗಾಲದಲ್ಲೇ ಅವಳು ದೂರು ಬರೆದಿದ್ದಳು. ನಮ್ಮಲ್ಲಿ ನೆಟ್ ಹೋದರೆ ನಿಮ್ಮ ಟೂಲೂ ಹೋಗುತ್ತದೆ ಎಂದು. ತಿದ್ದಿಯೂ ಕಳಿಸಿದ್ದಳು. ತೌನೊ ಮನೆಯಲ್ಲಿ ಕೂತು ತನ್ನ ಟೂಲನ್ನೇ ಒಮ್ಮೆ ನಡೆಸಿ ನೋಡಿದ. ಉತ್ತರ ಬಂತು. “ನನ್ನ ಮಷೀನಿನಲ್ಲಿ ಸರಿಯಿದೆ” ಎಂದು ಬರೆದು ದೂರನ್ನು ಮುಚ್ಚಿದ. ಆ ಕಸುಬಿನವರೆಲ್ಲ ಹಾಗೇ ಬರೆಯುತ್ತಾರೆ.

ಆಪರೇಷನ್‌ಗೆ ಮುಂಚೆ ಇಬ್ಬರೂ ಕ್ಯಾಂಪಿಗೆ ಹೋದರು. ಕೆರೆ ದಂಡೆಯ ಮರದ ಮನೆ, ಪಕ್ಕದಲ್ಲಿ ಸೌನಾ ಎಂಬ ಬೆವರಿಳಿಸುವ ಬಿಸಿ ಕೋಣೆ. ಅವನಿಗೆ ಸೌನಾ ಬೇಡ ಎಂದಿದ್ದರು ಡಾಕ್ಟರು. ಐಲಿ ಒಬ್ಬಳೇ ಬಿಸಿ ಕಲ್ಲಿಗೆ ನೀರು ಹೊಯ್ದು, ಒಬ್ಬಳೇ ಬೆವರಿ ಹೊರಗೆ ಬಂದಳು. ತೌನೊ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲ್ಲಾಗಿದ್ದ. ಬೆರಳೂ ಆಡುತ್ತಿರಲಿಲ್ಲ.

“ಏನಾಯ್ತೋ? ಎದೆ ನೋವಾ?”

“ಇಲ್ಲ. ಉತ್ತರ ಬರ್ತಿಲ್ಲ.”

ಟೂಲ್ ಪ್ರತಿ ಸಲವೂ ಮೊದಲು ನೆಟ್ಟಿಗೆ ಹೋಗಿ ಹೊಸ ಪುಟ ಬಂದಿದೆಯೇ ಎಂದು ಕೇಳುತ್ತಿತ್ತು. ಮನೆಯಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೇಳಿ ಬರುತ್ತಿತ್ತು. ನೆಟ್ಟೇ ಇಲ್ಲದ ಈ ಕ್ಯಾಂಪಿನಲ್ಲಿ ಕಾಯುತ್ತಲೇ ಇತ್ತು.

“ಒಂದು ದಿನವಾದ್ರೂ ನೆಟ್ ಕಿತ್ತು ನೋಡಿದ್ನಾ ನಾನು? ಆ ಜೋಸಿ ಹೇಳಿದ್ಲು.”

“ಹೇಳಿದ್ದು ಕೇಳಿದ್ರೆ ನೀನು ರಿಂತಾಲ ಮನೆಯವನೇ ಅಲ್ಲ ಬಿಡು.”

“ಕಾರು ತೆಗಿ.”

“ಪ್ಯಾನ್‌ಕೇಕಿಗೆ ಹಿಟ್ಟು ಕಲಸಿಟ್ಟಿದೀನಿ ಕಣೋ!”

“ಚೆಲ್ಲು ಅತ್ಲಾಗೆ.”

ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ಸಿಗ್ನಲ್ ಸಿಕ್ಕಿತು. ತೌನೊ ಜೋಸಿಯ ತಿದ್ದುಪಡಿಯನ್ನು ಒಳಗೆ ಸೇರಿಸಿದ. ತಪ್ಪು ನನ್ನದು, ಇನ್ನು ಸೇರಿಸುವ ಅಧಿಕಾರ ನಿಮಗೂ ಇದೆ ಎಂದು ಬರೆದ. ಕಳಿಸುವ ಗುಂಡಿ ಒತ್ತದೆ ಬರೆದದ್ದನ್ನೇ ಮತ್ತೆ ಮತ್ತೆ ಓದತೊಡಗಿದ.

“ಒತ್ತೋ. ಹಸಿವು ನನಗೆ,” ಎಂದಳು ಐಲಿ.

ಒತ್ತಿದ. ಕಾರು ತಿರುಗಿಸುವ ಮೊದಲೇ ಜೋಸಿಯ ಉತ್ತರ ಬಂತು. “ಆಯಿತು. ಆದರೆ ಇನ್ನು ಮೇಲೆ ಏನು ಸೇರಿಸಿದರೂ ನೆಟ್ ಕಿತ್ತು ನೋಡಿಯೇ ಸೇರಿಸುವುದು. ನೀವೂ ಅಷ್ಟೇ.”

“ಬೈತಾಳಲ್ಲೇ!” ಎಂದು ತೌನೊ ನಕ್ಕ. ಆ ಬೇಸಿಗೆಯಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಹಿಟ್ಟನ್ನು ಐಲಿ ಚೆಲ್ಲಿರಲಿಲ್ಲ. ಕ್ಯಾಂಪಿಗೆ ಮರಳಿ ಅವಳು ಬಾಣಲೆ ಇಟ್ಟಳು, ಅವನು ಟೂಲಿಗೆ ಒಂದು ಹೆಸರು ಹೊಡೆದ.

“ಬಂತಾ?”

“ಬಂತು. ಇನ್ನೂ ನಿಧಾನ,” ಎಂದು ಮತ್ತೆ ಹೊಡೆಯತೊಡಗಿದ. ಪ್ಯಾನ್‌ಕೇಕ್ ಆರಿಹೋಯಿತು.

ಆಪರೇಷನ್ ಮೇಜಿನಿಂದ ತೌನೊ ಏಳಲಿಲ್ಲ.

ಟೂಲ್ ನಡೆಯುತ್ತಿದೆ. ಜೋಸಿ ಇನ್ನಿಬ್ಬರಿಗೆ ಅಧಿಕಾರ ಕೊಟ್ಟಿದ್ದಾಳಂತೆ. ಐಲಿ ಊಟಕ್ಕೆ ಕೂತರೆ ಮೇಜು ಸುಮ್ಮನಿರುತ್ತದೆ. ಅವಳು ತಟ್ಟೆ ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತೇ ಉಣ್ಣುತ್ತಾಳೆ.