ಗರಿಕೆಗೆ ಗಾಳಿ

ಯಾದವಗಿರಿಯ ನಮ್ಮ ಮನೆಯ ಮುಂದೆ ಸಣ್ಣದೊಂದು ಗರಿಕೆಯ ಹುಲ್ಲುಹಾಸಿದೆ. ಕಳೆದ ಬೇಸಿಗೆಯಲ್ಲಿ ಅದು ಅಲ್ಲಲ್ಲಿ ಹಳದಿಗಟ್ಟಿತು. ನೀರು ಹಾಯಿಸಿದರೆ ಇಂಗದೆ ಮೇಲೆಯೇ ನಿಲ್ಲುತ್ತಿತ್ತು. ನೆಲ ಗಟ್ಟಿಯಾದರೆ ಬೇರಿಗೆ ಗಾಳಿ ಸಿಗುವುದಿಲ್ಲ, ತೂತು ಕೊರೆದು ಮೇಲೆ ಮರಳು, ಗೊಬ್ಬರ ಹರಡಬೇಕು ಎಂದು ಎಲ್ಲೋ ಓದಿದ್ದೆ. ವೆಲ್ಡಿಂಗ್ ಅಂಗಡಿಗೆ ಹೋಗಿ ಹೆಬ್ಬೆರಳು ದಪ್ಪದ ಕಬ್ಬಿಣದ ಪೈಪಿಗೆ ಅಡ್ಡ ಹಿಡಿ ಹಾಕಿಸಿಕೊಂಡು ಬಂದೆ. ಮುಂಗಾರಿಗೆ ಮುಂಚಿನ ಮಳೆಯೊಂದು ಬಿದ್ದ ಮಾರನೆಯ ಬೆಳಿಗ್ಗೆ, ನೆಲ ಇನ್ನೂ ಹಸಿಯಿರುವಾಗಲೇ ಕೆಲಸ ಶುರು ಮಾಡಿದೆ.

ಅತ್ತೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಅವರು ಮಂಡಕಳ್ಳಿ ಕಡೆಯ ರೈತರ ಮನೆಯವರು.

"ಅದೇನವ್ವಾ, ನೆಲಕ್ಕೆ ತೂತು ಹೊಡೀತಿದ್ದೀಯ?"

"ಗರಿಕೆಗೆ ಗಾಳಿ ಬೇಕಂತೆ, ಅತ್ತೆ."

ಅವರು ನಕ್ಕ ರಭಸಕ್ಕೆ ಕಾಫಿ ತುಳುಕಿತು. "ಗರಿಕೆಗಾ! ರಾಗಿ ಹೊಲದಲ್ಲಿ ಅದ್ನ ಕಿತ್ತು ಕಿತ್ತು ನನ್ನ ಬೆರಳೇ ಸವೆದೋದ್ವು ಕಣವ್ವಾ. ಬದುವಿನ ಮೇಲೆ ಎಸೆದ್ರೆ ಅಲ್ಲೂ ಬೇರು ಬುಡೋದು. ಇಲ್ಲಿ ಸಾಕಿದ್ರೆ ಸಾಯ್ತದಾ?"

ಪೈಪನ್ನು ಒತ್ತಿ ಎತ್ತಿದೆ. ಒಳಗಿನಿಂದ ಕೋಡುಬಳೆಗೆ ಹೊಸೆದ ಹಿಟ್ಟಿನಂಥ ಮಣ್ಣಿನ ಸುರುಳಿ ಬಿತ್ತು. ಅತ್ತೆ ಲೋಟ ಕೆಳಗಿಟ್ಟು ಇಳಿದು ಬಂದು ಅದನ್ನು ಮುರಿದು ನೋಡಿದರು. ಮೇಲೆ ಒಂದಿಷ್ಟು ಕಂದು ಮಣ್ಣು, ಕೆಳಗೆಲ್ಲ ಇಟ್ಟಿಗೆ ಚೂರು, ಸಿಮೆಂಟು.

"ಇದು ಮಣ್ಣಲ್ಲ, ಮನೆ ಕಟ್ಟಿ ಮಿಕ್ಕಿದ್ದು. ಅಲ್ಲಿ ಚುಚ್ಚು, ನೋಡಾನ."

ಸ್ಕೂಟರ್ ನಿಲ್ಲಿಸುವ ಗೇಟಿನ ಬಳಿ ಪೈಪು ಇಳಿಯಲೇ ಇಲ್ಲ. ಕಾಂಪೌಂಡಿನ ಅಂಚಿನಲ್ಲಿ ಬಂದ ಮಣ್ಣು ಪುಡಿಪುಡಿಯಾಗಿತ್ತು, ಎರೆಹುಳುವೂ ಇತ್ತು. ನಮಗಿಬ್ಬರಿಗೂ ಹುಚ್ಚು ಹಿಡಿದಂತಾಯಿತು. ತಿಂಡಿ ಮರೆತು, ಪ್ರತಿ ತೂತಿನಲ್ಲೂ ಏನಿದೆಯೆಂದು ನೋಡುತ್ತಲೇ ಹೋದೆವು.

ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವಾಗ ನಾನೆಂದೆ: "ನಿಮ್ಮ ಹೊಲ ವರ್ಷಾವರ್ಷಾ ಉಳ್ತಿದ್ರಲ್ಲ ಅತ್ತೆ, ಅದಕ್ಕೇ ಅಲ್ಲಿ ಗರಿಕೆ ಹಾಗೆ ಬೆಳೀತಿದ್ದಿರಬೇಕು."

ಅವರು ಕೈಯಲ್ಲಿದ್ದ ಹೆಂಟೆಯನ್ನೇ ನೋಡುತ್ತ ನಿಂತರು. "ಅಂದ್ರೆ ನಾವೇ ಗಾಳಿ ಕೊಟ್ಟು ಸಾಕ್ತಿದ್ವಾ ಅದ್ನ? ಒಂದು ಕಡೆ ಕೀಳೋದು, ಇನ್ನೊಂದು ಕಡೆ ಸಾಕೋದು!"

ಮಧ್ಯಾಹ್ನ ಮರಳು ಮತ್ತು ಎಲೆಗೊಬ್ಬರವನ್ನು ಜರಡಿ ಹಿಡಿದು ಬೆರೆಸಿ ಹರಡಿದೆ. ಒಂದು ಕಡೆ ಹೆಚ್ಚಾಗಿ ಹುಲ್ಲೇ ಕಾಣದಾಯಿತು.

"ಮುಚ್ಚಾಕ್ಬುಟ್ಟೆಯಲ್ಲ, ಉಸಿರು ಕಟ್ಟಲ್ವಾ?" ಎಂದು ಅತ್ತೆ ಕಡ್ಡಿಪೊರಕೆ ತಂದು ಗುಡಿಸಿದರು. ಪುಡಿ ತೂತುಗಳಿಗೆ ಇಳಿಯಿತು, ಹುಲ್ಲಿನ ತುದಿಗಳು ಮೇಲೆ ಬಂದವು.

ಆಮೇಲೆ ದಿನವೂ ಅವರು ಎದ್ದ ತಕ್ಷಣ ಅಲ್ಲಿಗೇ ಹೋಗಿ ನೋಡುತ್ತಿದ್ದರು. ಮಳೆ ಹಿಡಿದ ಮೇಲೆ ನೀರು ನಿಲ್ಲಲಿಲ್ಲ. ಹಳದಿ ತೇಪೆಗಳ ಅಂಚಿನಿಂದ ಹೊಸ ಕುಡಿಗಳು ಒಳಕ್ಕೆ ಹರಿದವು. ಸಿಲಿಂಡರ್ ತರುವವನು ಅಡ್ಡ ಹಾಯ್ದರೆ, "ಸುತ್ತಿ ಬಾರಪ್ಪಾ, ತುಳೀಬೇಡ" ಎಂದು ಕೂಗುವವರು ಅತ್ತೆಯೇ.

ಮೂಲೆಯಲ್ಲಿರುವ ಮಾವಿನ ಮರದ ಕೆಳಗೆ ಮಾತ್ರ ಏನೂ ಚಿಗುರಲಿಲ್ಲ. ನೆರಳೇ ಕಾರಣ ಎನ್ನುತ್ತೇನೆ ನಾನು. ಮರದ ಬೇರು ನೀರನ್ನೆಲ್ಲ ಕುಡಿದುಬಿಡುತ್ತದೆ ಎನ್ನುತ್ತಾರೆ ಅವರು. ಅದಿನ್ನೂ ಇತ್ಯರ್ಥವಾಗಿಲ್ಲ.