ಚಾಡಿ ಹೇಳುವ ಬಣ್ಣ

ಊರವರ ಗಾಡಿಗಳಿಗೆಲ್ಲ ಬ್ರೇಕ್ ಕೂರಿಸಿಕೊಟ್ಟ ಮೇಸ್ತ್ರಿ, ಮಗಳು ಸ್ಟೇರಿಂಗ್ ಹಿಡಿದರೆ ಮಾತ್ರ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದ. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ತುಳಿದು ತುಳಿದು ಮ್ಯಾಟನ್ನೇ ತೂತು ಮಾಡಿದ್ದ.

ಕಾರಿನ ಚಕ್ರದೊಳಗೆ ಬ್ರೇಕ್ ಹಿಡಿಯುವ ಕ್ಯಾಲಿಪರಿಗೆ ಕೆಂಪು ಬಣ್ಣ ಬೇಕೆಂದಳು ಮಗಳು. ಅವನು ಬಿಳಿ ಬಳಿದ.

"ಏನಪ್ಪಾ ಇದು! ನಾಳೆಗೇ ಕೊಳೆ ಕಾಣುತ್ತೆ."

"ಕಾಣಲಿ ಅಂತಾನೇ ಕಣೇ. ಬ್ರೇಕ್ ಆಯಿಲ್ ಒಂದು ಹನಿ ಸೋರಿದ್ರೂ ಬಿಳಿ ಚಾಡಿ ಹೇಳುತ್ತೆ. ಕೆಂಪು ಬಾಯಿ ಮುಚ್ಕೊಂಡಿರುತ್ತೆ."

ಮೂರು ದಿನ ಅವಳು ಮುಖ ಊದಿಸಿಕೊಂಡೇ ಓಡಾಡಿದಳು. ನಾಲ್ಕನೇ ದಿನ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿ ಹೊರಬಂದರೆ, ಮಗಳು ಇಸ್ತ್ರಿ ಬಟ್ಟೆಯಲ್ಲೇ ಮಂಡಿಯೂರಿ, ಒಂದೊಂದು ಚಕ್ರದೊಳಗೂ ಟಾರ್ಚ್ ಬಿಟ್ಟು ನೋಡುತ್ತಿದ್ದಳು.

"ಒಂದು ಹನಿಯೂ ಇಲ್ಲಪ್ಪ," ಎಂದು ಎದ್ದು ಮಂಡಿ ಕೊಡವಿಕೊಂಡಳು. "ಗಾಡಿ ಹತ್ತು, ಹೋಗೋಣ."

ಅವನು ಚಪ್ಪಲಿ ಕಳಚಿ ಬಾಗಿಲ ಪಕ್ಕಕ್ಕಿಟ್ಟ.

"ನೀನೊಬ್ಳೇ ಹೋಗ್ಬಾ."